ಹೆಸರಿಲ್ಲದ ಚೂರುಗಳು: ಕಾಳಿ ನದಿಯ ಮೇಲಿನ ಆಕಾಶ ಜೋಡಿಸುವ ಬಗೆ

ಪ್ರಶ್ನೆ: ನಾವು ಸದಾಶಿವಗಡದವರು. ಕಾಳಿ ನದಿಯ ಹಳೆಯ ಸೇತುವೆ ದಾಟಿ ನನ್ನ ತಂದೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಕಾರವಾರಕ್ಕೆ ಕೆಲಸಕ್ಕೆ ಹೋಗಿಬಂದವರು. ಹೊಸ ಸೇತುವೆ ಬರುವ ಮೊದಲು ಗುಡ್ಡದ ಮೇಲಿಂದ ಅವರೇ ತೆಗೆದ ಫೋಟೊ ಒಂದನ್ನು ಬೆಂಗಳೂರಿನಲ್ಲಿರುವ ತಮ್ಮ 1000 ಚೂರುಗಳ ಜಿಗ್‌ಸಾ ಪಜಲ್ ಮಾಡಿಸಿ ಕಳಿಸಿದ್ದಾನೆ. ಅಂಚು, ಸೇತುವೆ, ದೋಣಿಗಳು, ಆಚೆ ದಡದ ಮನೆಗಳು, ತೆಂಗಿನ ಸಾಲು ಎಲ್ಲವೂ ಎರಡು ವಾರದಲ್ಲಿ ಮುಗಿದವು. ಉಳಿದದ್ದು ಮಳೆಗಾಲದ ಬೂದು ಆಕಾಶ ಮತ್ತು ಅದೇ ಬಣ್ಣದ ನೀರು, ಸುಮಾರು 380 ಚೂರು. ತಿಂಗಳಾಯಿತು, ದಿನಕ್ಕೆ ಎರಡು ಚೂರೂ ಕೂಡುವುದಿಲ್ಲ. ಆರನೇ ತರಗತಿಯ ಮಗಳು ಶಾಲೆಗೆ ಹೊರಡುವಾಗ ಬಗ್ಗಿ ನೋಡಿ ಒಂದನ್ನು ಕೂರಿಸಿ ಹೋಗುತ್ತಾಳೆ. ನಾನು ಎರಡು ತಾಸು ಕುಳಿತರೂ ಸಿಗುವುದಿಲ್ಲ. ಊಟದ ಮೇಜು ಖಾಲಿ ಮಾಡು ಎನ್ನುತ್ತಾರೆ ಮನೆಯವರು. ನನಗೆ ತಾಳ್ಮೆಯೇ ಇಲ್ಲವೇ? ಕಷ್ಟದ ಭಾಗಕ್ಕೆ ಬೇರೆ ಕ್ರಮವಿದೆಯೇ? ಮುಗಿದ ಮೇಲೆ ಅಂಟು ಹಚ್ಚಿ ಕಟ್ಟು ಹಾಕಿಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಆ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಬೆಳಿಗ್ಗೆ ಆ ಸುದ್ದಿ ಕೇಳಿದಾಗ ನಾನು ಶಿರಸಿಯ ಮನೆಯಲ್ಲಿದ್ದೆ. ನೌಕರಿಯ ದಿನಗಳಲ್ಲಿ ಎಷ್ಟೋ ಸಲ ದಾಟಿದ ಸೇತುವೆ ಅದು. ಆದ್ದರಿಂದ ನಿಮ್ಮ ಮೇಜಿನ ಮೇಲಿರುವುದು ಏನೆಂದು ನನಗೆ ಅರ್ಥವಾಗುತ್ತದೆ. ಅದನ್ನು ಡಬ್ಬಿಗೆ ತುಂಬಬೇಡಿ.

ತಾಳ್ಮೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಎರಡು ವಾರದಲ್ಲಿ 620 ಚೂರು ಕೂರಿಸಿದವರಿಗೆ ತಾಳ್ಮೆ ಇಲ್ಲವೆಂದು ನಾನು ಒಪ್ಪುವುದಿಲ್ಲ. ಆಗಿರುವುದು ಬೇರೆ. ಅಷ್ಟು ದಿನ ನೀವು ಮಾಡುತ್ತಿದ್ದ ಕೆಲಸ ಮುಗಿದು, ಬೇರೊಂದು ಜಾತಿಯ ಕೆಲಸ ಶುರುವಾಗಿದೆ. ಆದರೆ ಕೈ ಮತ್ತು ಕಣ್ಣು ಹಳೆಯ ಕೆಲಸವನ್ನೇ ಮುಂದುವರಿಸುತ್ತಿವೆ.

ಜಿಗ್‌ಸಾ ಹುಟ್ಟಿದ ಕತೆಯಲ್ಲಿಯೇ ಇದಕ್ಕೆ ವಿವರಣೆ ಇದೆ. 1760ರ ದಶಕದಲ್ಲಿ ಲಂಡನ್ನಿನ ನಕ್ಷೆ ಕೆತ್ತುವ ಜಾನ್ ಸ್ಪಿಲ್ಸ್‌ಬರಿ ಎಂಬಾತ ಭೂಪಟವನ್ನು ತೆಳು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಗರಗಸದಿಂದ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಆ ಚೂರುಗಳಿಗೆ ಹೆಸರಿತ್ತು. ಇದು ಫ್ರಾನ್ಸ್, ಇದು ಸ್ಪೇನ್, ಇದರ ಪಕ್ಕ ಅದು. ನಿಮ್ಮ ಸೇತುವೆ, ದೋಣಿ, ತೆಂಗಿನಮರಗಳೂ ಹಾಗೆಯೇ. ಕೈಗೆ ಬಂದ ಚೂರು ‘ನಾನು ಮೂರನೇ ಕಂಬದ ಬುಡ’ ಎಂದು ಹೇಳುತ್ತದೆ. ನೀವು ಹೋಗಿ ಅಲ್ಲಿ ಇಡುತ್ತೀರಿ. ಆಕಾಶದ ಚೂರು ಏನನ್ನೂ ಹೇಳುವುದಿಲ್ಲ, ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಗುರುತು ಸಿಗುವುದಿಲ್ಲ. ನಾವೇ ಹೆಸರಿಡಬೇಕಾಗುತ್ತದೆ.

ನಾನು ಮೂವತ್ತು ವರ್ಷ ಭೂಮಾಪಕನಾಗಿದ್ದವನು, ಹಾಗಾಗಿ ಈ ಮಾತು ನನಗೆ ಹೊಲದಿಂದಲೇ ಬಂದದ್ದು. ಅಂಕೋಲಾ, ಕುಮಟಾ ಕಡೆಯ ಗಜನಿ ಗದ್ದೆಗಳ (ಉಪ್ಪುನೀರು ಏರಿಬರುವ ತಗ್ಗು ಗದ್ದೆಗಳ) ನಡುವೆ ನಿಂತರೆ ಎಲ್ಲ ದಿಕ್ಕಿಗೂ ಒಂದೇ ಹಸಿರು, ಒಂದೇ ಕೆಸರು. ಹೊಸಬನಿಗೆ ದಿಗಿಲಾಗುತ್ತದೆ. ಹಳಬ ಗದ್ದೆಯನ್ನು ನೋಡುತ್ತ ನಿಲ್ಲುವುದಿಲ್ಲ. ಬಾಂದುಕಲ್ಲು ಹುಡುಕುತ್ತಾನೆ, ಸರಪಳಿ ಎಳೆಯುತ್ತಾನೆ, ಸರ್ವೆ ನಂಬರು ಬರೆಯುತ್ತಾನೆ. ಅಲ್ಲಿಂದ ಮುಂದೆ ಆ ನೆಲ ಒಂದೇ ಹಸಿರಾಗಿ ಉಳಿಯುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ದಯವಿಟ್ಟು ಇದನ್ನು ದಾಟಿ ಹೋಗಬೇಡಿ, ನಿಮ್ಮ ಬೇಸರದ ಮೂಲ ಇಲ್ಲಿಯೇ ಇದೆ. 380ರಲ್ಲಿ ಆಕಾಶದ ಪಾಲು 200 ಚೂರು ಎಂದು ಹಿಡಿಯೋಣ. ಒಂದು ಖಾಲಿ ಜಾಗ ಆರಿಸಿ, ರಾಶಿಯಿಂದ ಒಂದೊಂದೇ ಎತ್ತಿ ಇಟ್ಟು ನೋಡಿದರೆ, ಅದೃಷ್ಟವಿದ್ದರೆ ಮೊದಲನೆಯದೇ ಕೂರುತ್ತದೆ, ಇಲ್ಲದಿದ್ದರೆ ಇನ್ನೂರನೆಯದು. ಸರಾಸರಿ ನೂರು ಪ್ರಯತ್ನ. ಮುಂದಿನದಕ್ಕೂ ಹೆಚ್ಚುಕಡಿಮೆ ನೂರು. ರಾಶಿ ಕರಗಿದಂತೆ ಈ ಸಂಖ್ಯೆಯೂ ಇಳಿಯುತ್ತದೆ. 100 ಉಳಿದಾಗ ಸರಾಸರಿ 50, 20 ಉಳಿದಾಗ 10. ಎಲ್ಲ ಕೂಡಿಸಿದರೆ ಇಡೀ ಆಕಾಶಕ್ಕೆ ಸುಮಾರು 10,000 ಪ್ರಯತ್ನ. ಒಂದಕ್ಕೆ ಮೂರು ಸೆಕೆಂಡು ಎಂದರೆ ಎಂಟು ಗಂಟೆಗೆ ತುಸು ಮಿಕ್ಕುತ್ತದೆ.

ಆ 10,000ದಲ್ಲಿ ಮೊದಲ ನೂರು ಚೂರಿಗೇ 7,500 ಖರ್ಚಾಗುತ್ತದೆ, ಕೊನೆಯ ನೂರಕ್ಕೆ ಕೇವಲ 2,500. ಅಂದರೆ ಆಕಾಶ ಅರ್ಧ ತುಂಬಿದಾಗ ಕೆಲಸದ ಮುಕ್ಕಾಲು ಪಾಲು ಮುಗಿದಿರುತ್ತದೆ. ಕಣ್ಣಿಗೆ ಮಾತ್ರ ಅರ್ಧ ಬಾಕಿ ಕಾಣುತ್ತದೆ. ಮೊದಲ ಹತ್ತು ಚೂರು ಕೂತಾಗಲಂತೂ ಏನೂ ಆಗದಂತೆ ಕಾಣುತ್ತದೆ, ಆದರೆ ಹತ್ತಿರ ಹತ್ತಿರ ಸಾವಿರ ಪ್ರಯತ್ನ ಆಗಲೇ ಕಳೆದಿರುತ್ತದೆ. ಜನ ಕೈಬಿಡುವುದು ಯಾವಾಗಲೂ ಈ ಮೊದಲ ಏರಿನಲ್ಲಿ. ನೀವು ಈಗ ಇರುವುದೂ ಅಲ್ಲಿಯೇ. ದೇವಿಮನೆ ಘಟ್ಟದಲ್ಲಿ ಮೇಲೇರುವಾಗ ತಿರುವಿನ ಮೇಲೆ ತಿರುವು ಬರುತ್ತದೆ, ದಾರಿ ಸವೆದದ್ದೇ ತಿಳಿಯುವುದಿಲ್ಲ. ಘಟ್ಟ ಹತ್ತಿದ ಮೇಲೆ ಶಿರಸಿಗೆ ಬಂದು ಮುಟ್ಟುವುದು ಎಷ್ಟು ಬೇಗ ಎಂದು ನಿಮಗೂ ಗೊತ್ತಿರಬಹುದು.

ಲೆಕ್ಕದ ಇನ್ನೊಂದು ಉಪಯೋಗ ಇನ್ನೂ ದೊಡ್ಡದು. ಯಾವ ಜಾಗಕ್ಕೆ ಯಾವ ರಾಶಿಯಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ, 200ನ್ನು ಎರಡು ಸಮ ರಾಶಿ ಮಾಡಿದ ಮಾತ್ರಕ್ಕೆ 10,000 ಇದ್ದದ್ದು 5,000ಕ್ಕೆ ಇಳಿಯುತ್ತದೆ. ನಾಲ್ಕು ರಾಶಿಯಾದರೆ 2,500. ವಿಂಗಡಿಸಲು ಹಿಡಿಯುವ ಅರ್ಧ ತಾಸು ಇದರ ಮುಂದೆ ಏನೂ ಅಲ್ಲ. ಹೆಸರಿಡುವುದು ಎಂದರೆ ಇದೇ.

ಬಣ್ಣ ಕೈಕೊಟ್ಟಿರುವುದರಿಂದ ಆಕಾರವನ್ನು ಹಿಡಿಯಬೇಕು. ಚೂರಿನಿಂದ ಹೊರಚಾಚಿದ ಗುಂಡನೆಯ ಭಾಗವನ್ನು ನಾನು ತಲೆ ಎನ್ನುತ್ತೇನೆ, ಒಳಗೆ ಕೊರೆದದ್ದನ್ನು ಕುಳಿ ಎನ್ನುತ್ತೇನೆ. ಅಂಚಿನವನ್ನು ಬಿಟ್ಟರೆ ನಾಲ್ಕು ಬದಿಯ ಚೂರುಗಳಲ್ಲಿ ಆರೇ ಜಾತಿ: ನಾಲ್ಕೂ ತಲೆ, ನಾಲ್ಕೂ ಕುಳಿ, ಮೂರು ತಲೆ ಒಂದು ಕುಳಿ, ಒಂದು ತಲೆ ಮೂರು ಕುಳಿ, ಎರಡು ತಲೆ ಎದುರುಬದುರು, ಎರಡು ತಲೆ ಅಕ್ಕಪಕ್ಕ. ಮೂರು ಬದಿ ಈಗಾಗಲೇ ತುಂಬಿರುವ ಜಾಗಕ್ಕೆ ಈ ಆರರಲ್ಲಿ ಎರಡು ಜಾತಿಯಿಂದ ಮಾತ್ರ ಚೂರು ಬರಲು ಸಾಧ್ಯ. ಉಳಿದ ನಾಲ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ಹಾಗಾಗಿ ನಡುವೆ ತೇಲುವ ದ್ವೀಪಗಳನ್ನು ಕಟ್ಟುವ ಆಸೆ ಬಿಡಿ. ಮೂಲೆಯಿಂದ, ಅಂಚಿನಿಂದ, ಹೆಚ್ಚು ಬದಿ ತುಂಬಿದ ಜಾಗದಿಂದ ಒಳಗೆ ಬನ್ನಿ.

ಆರು ತಟ್ಟೆ ಬೇಕು. ಅಡಿಕೆ ಹಾಳೆಯ ತಟ್ಟೆಗಳು ಇದಕ್ಕೆ ಬಹಳ ಒಳ್ಳೆಯವು: ಹೊಳಪಿಲ್ಲ, ಚೂರು ಜಾರುವುದಿಲ್ಲ, ಅಂಚು ಎತ್ತರವಿದೆ. ವಿಂಗಡಿಸುವಾಗ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಆ ಅರ್ಧ ತಾಸು ಒಂದನ್ನೂ ಕೂರಿಸಲು ಹೋಗಬೇಡಿ. ನಮ್ಮಲ್ಲಿ ಸುಗ್ಗಿಯ ಮೇಲೆ ಚಾಲಿ (ಒಣಗಿಸಿದ ಅಡಿಕೆ) ಸುಲಿದು ಅಡಿಕೆ ಆರಿಸಲು ಕೂರುವ ಹೆಂಗಸರನ್ನು ನೋಡಿದ್ದೇನೆ. ಕೈ ಒಂದೇ ಲಯದಲ್ಲಿ ಓಡುತ್ತಿರುತ್ತದೆ, ಮಾತು ಮನೆಯ ಸುದ್ದಿಯಲ್ಲಿರುತ್ತದೆ. ಒಂದು ಅಡಿಕೆಯನ್ನು ಎತ್ತಿ ಹಿಡಿದು ಯೋಚಿಸುತ್ತ ಕೂರುವುದಿಲ್ಲ. ಇಡೀ ರಾಶಿ ಕೈಯಡಿಯಲ್ಲಿ ಹಾದುಹೋಗುತ್ತದೆ, ಕೆಂಪುಗೋಟು ಒಂದು ಕಡೆ, ಬಿಳಿಗೋಟು ಇನ್ನೊಂದು ಕಡೆ. ನಡುವೆ ಹುಡುಕಾಟಕ್ಕೆ ಇಳಿದರೆ ಎರಡೂ ಕೆಡುತ್ತವೆ.

ಹೀಗೆ ಮಾಡಿದಾಗ ಸಾಮಾನ್ಯವಾಗಿ ಎದುರುಬದುರು ತಲೆಯ ತಟ್ಟೆಯೇ ಎಲ್ಲಕ್ಕಿಂತ ತುಂಬಿರುತ್ತದೆ. ಅದನ್ನು ಮತ್ತೆ ಒಡೆಯಲು ಅಡಿಪಟ್ಟಿ ಬೇಕು. ನಿಮ್ಮ ಪಜಲ್ಲಿನ ಮೇಲಂಚಿನಲ್ಲಿ 40, ಪಕ್ಕದಂಚಿನಲ್ಲಿ 25 ಚೂರು ಇದ್ದು, ಅಳತೆ 70 ಮತ್ತು 50 ಸೆಂಟಿಮೀಟರ್ ಆಗಿದ್ದರೆ (ಸಾವಿರದ ಪಜಲ್ಲಿಗೆ ಇದು ಸಾಮಾನ್ಯ ಅಳತೆ), ಒಂದು ಚೂರಿನ ಅಗಲ ಸರಾಸರಿ 1.75 ಸೆಂಟಿಮೀಟರ್, ಎತ್ತರ 2 ಸೆಂಟಿಮೀಟರ್. ಅಂದರೆ ಚೂರು ಚೌಕವಲ್ಲ. ಯಾವ ಬದಿ ಮೇಲೆ ಎಂದು ಅಳತೆಯಿಂದಲೇ ತಿಳಿಯುತ್ತದೆ. ತಲೆಗಳು ಮೇಲೆ-ಕೆಳಗೆ ಇರುವವು ಒಂದು ತಟ್ಟೆಗೆ, ಎಡ-ಬಲಕ್ಕೆ ಇರುವವು ಇನ್ನೊಂದಕ್ಕೆ. ಪಜಲ್ ಕತ್ತರಿಸುವ ಅನೇಕ ಅಚ್ಚುಗಳಲ್ಲಿ ಈ ಎರಡು ಬಗೆ ಚದುರಂಗದ ಹಲಗೆಯ ಕಪ್ಪು ಬಿಳಿ ಮನೆಗಳ ಹಾಗೆ ಒಂದರ ಪಕ್ಕ ಒಂದು ಬರುತ್ತವೆ. ಮುಗಿದ ಸೇತುವೆಯ ಭಾಗವನ್ನು ಗಮನಿಸಿ ನೋಡಿ, ನಿಮ್ಮದು ಅಂಥ ಅಚ್ಚೇ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಪರೀಕ್ಷೆ. ಒಂದು ಜಾಗ, ಒಂದು ತಟ್ಟೆ. ತಟ್ಟೆಯ ಚೂರುಗಳನ್ನು ಸಾಲಾಗಿ ಹರಡಿ ಎಡದಿಂದ ಬಲಕ್ಕೆ ಇಟ್ಟು ನೋಡುತ್ತ ಹೋಗಿ. ಅಡುಗೆಮನೆಯಿಂದ ಕರೆ ಬಂದು ಏಳಬೇಕಾದರೆ ಎಲ್ಲಿಗೆ ಬಂದಿದ್ದೀರೋ ಅಲ್ಲಿ ಒಂದು ಬೆಂಕಿಕಡ್ಡಿ ಇಡಿ. ಇದು ಸಣ್ಣ ವಿಷಯವೆಂದು ಬಿಡಬೇಡಿ. ಈ ತಿಂಗಳು ನೀವು ಎಷ್ಟು ಚೂರುಗಳನ್ನು ಅದೇ ಜಾಗಕ್ಕೆ ನಾಲ್ಕು ನಾಲ್ಕು ಸಲ ಇಟ್ಟು ನೋಡಿದ್ದೀರೋ, ನೆನಪಿರಲು ಸಾಧ್ಯವಿಲ್ಲ. ಕೂರದ ಚೂರು ‘ನಾನಲ್ಲ’ ಎಂದು ಒಂದು ಉತ್ತರ ಕೊಟ್ಟಿತ್ತು. ರಾಶಿಗೆ ಮತ್ತೆ ಎಸೆದಾಗ ಆ ಉತ್ತರ ಕಳೆದುಹೋಯಿತು, ಅದರ ಜೊತೆ ನಿಮ್ಮ ಸಂಜೆಯೂ. ಕಡ್ಡಿ ಇಟ್ಟವರಿಗೆ ಪ್ರತಿ ‘ಅಲ್ಲ’ವೂ ಜಮೆಯಾಗುತ್ತದೆ. ಒಂದು ಚೂರೂ ಕೂರದ ಸಂಜೆಯಲ್ಲಿಯೂ ಅರವತ್ತು ಉತ್ತರ ಸಿಕ್ಕಿವೆ ಎಂದು ತಿಳಿದು ಏಳುವುದೇ ಬೇರೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಅನುಮಾನವನ್ನು ತೀರಿಸಿಕೊಳ್ಳಿ: ನಿಮ್ಮ ಅಂಚು ಸರಿಯಿದೆಯೇ? ಆಕಾಶದ ಮೇಲಂಚಿನಲ್ಲಿ ಒಂದೇ ಬೂದು ಬಣ್ಣ. ಅಲ್ಲಿ ಎರಡು ಚೂರು ಅದಲುಬದಲಾಗಿದ್ದರೆ ಕೆಳಗಿನ ಸಾಲು ಎಂದಿಗೂ ಕೂಡುವುದಿಲ್ಲ, ದೋಷ ಮಾತ್ರ ನಿಮ್ಮ ತಾಳ್ಮೆಯ ತಲೆಗೆ ಬರುತ್ತದೆ. ನನಗೆ ಹೀಗಾಗಿದೆ. ಹಿಮಪರ್ವತದ ಒಂದು ಚಿತ್ರದಲ್ಲಿ ಮೂರು ವಾರ ಒದ್ದಾಡಿದ ಮೇಲೆ ಅಂಚಿನ ಎರಡು ಚೂರು ಸ್ಥಳ ಬದಲಿಸಿಕೊಂಡಿದ್ದನ್ನು ಕಂಡೆ. ಎದುರುಬದುರಿನ ಅಂಚುಗಳಲ್ಲಿ ಚೂರುಗಳ ಸಂಖ್ಯೆ ಸಮವಿದೆಯೇ ಎಣಿಸಿ. 40ಕ್ಕೆ 40, 25ಕ್ಕೆ 25, ಮೂಲೆಗಳನ್ನು ಎರಡು ಸಲ ಎಣಿಸದಿದ್ದರೆ ಒಟ್ಟು 126. ಎಣಿಕೆ ಸರಿಯಿದ್ದರೂ, ಮೇಲಂಚಿನ ಪ್ರತಿಯೊಂದು ಸೇರಿಕೆಯ ಮೇಲೆ ಉಗುರು ಎಳೆದು ನೋಡಿ. ನಿಜವಾದ ಜೋಡಿಯಲ್ಲಿ ಉಗುರು ತಡೆಯುವುದಿಲ್ಲ. ಸಂಶಯ ಬಂದ ಜೋಡಿಯನ್ನು ಮೆಲ್ಲನೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುಳ್ಳು ಜೋಡಿಯ ನಡುವೆ ಕೂದಲಿನಷ್ಟು ಬೆಳಕು ತೂರುತ್ತದೆ.

ನಡುವಿನ ಚೂರುಗಳಿಗೂ ಇದೇ ಪರೀಕ್ಷೆ, ಇನ್ನೂ ಬಿಗಿಯಾಗಿ. ಭೂಮಾಪನದಲ್ಲಿ ಚಕ್ಕುಬಂದಿ ಎಂದು ಹೇಳುತ್ತೇವೆ: ಒಂದು ಜಮೀನಿನ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ, ದಕ್ಷಿಣಕ್ಕೆ. ನಾಲ್ಕೂ ತಾಳೆಯಾದರೆ ಮಾತ್ರ ಅದು ಆ ಜಮೀನು. ನೌಕರಿಗೆ ಸೇರಿದ ಹೊಸತರಲ್ಲಿ ಹರಿದುಹೋಗಿದ್ದ ಹಳೆಯ ಗ್ರಾಮನಕ್ಷೆಯೊಂದನ್ನು ಜೋಡಿಸಲು ನನಗೆ ಕೊಟ್ಟಿದ್ದರು. ಎರಡು ತುಂಡುಗಳ ಗೆರೆ ಒಂದಕ್ಕೊಂದು ಅಂದವಾಗಿ ಕೂಡಿತೆಂದು ಅಂಟು ಹಚ್ಚಿದೆ. ಎರಡೂ ಗದ್ದೆಯ ಭಾಗಗಳು, ಒಂದು ಬದಿ ಮಾತ್ರ ನೋಡಿದ್ದೆ. ಸ್ಥಳಕ್ಕೆ ಹೋಗಿ ಅಳೆದಾಗ ಹಳ್ಳ ಇರಬೇಕಾದಲ್ಲಿ ತೋಟ ಸಿಕ್ಕಿತು. ಅಂಟು ಬಿಡಿಸುವಾಗ ಕಾಗದ ಇನ್ನಷ್ಟು ಹರಿಯಿತು. ಅಂದಿನಿಂದ ಒಂದೇ ಬದಿ ಒಪ್ಪಿದ ಚೂರನ್ನು ನಾನು ಅತಿಥಿ ಎಂದೇ ಎಣಿಸುತ್ತೇನೆ. ಎರಡು ಬದಿ ಒಪ್ಪಿದರೆ ಇರಲಿ ಎನ್ನುತ್ತೇನೆ, ಮೂರು ಒಪ್ಪಿದ ಮೇಲೆಯೇ ಮನೆಯವನು. ಗೆರೆಗೆರೆಯಾಗಿ ಕತ್ತರಿಸಿದ ಪಜಲ್ಲುಗಳಲ್ಲಿ ನಾಲ್ಕು ಚೂರುಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಸೇರಬೇಕು. ಸೇರದೆ ಒಂದು ತುಸು ಸರಿದಿದ್ದರೆ, ಆ ನಾಲ್ವರಲ್ಲಿ ಒಬ್ಬ ಪರಸ್ಥಳದವನು.

ತಪ್ಪು ಸಿಕ್ಕಾಗ ಆ ಒಂದನ್ನೇ ಕಿತ್ತು ಸುಮ್ಮನಾಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬಂದರಿನ ಬಳಿ ಬಲೆ ಸರಿಪಡಿಸುವವರನ್ನು ನೀವು ದಿನವೂ ನೋಡಬಹುದು. ಬಲೆಯ ಹರಿದ ಜಾಗದಲ್ಲಿ ಅವರು ಮೊದಲು ಮಾಡುವುದು ಕತ್ತರಿಸುವ ಕೆಲಸ. ಜೋಲುವ ಕಣ್ಣುಗಳನ್ನೆಲ್ಲ ತೆಗೆದು, ತೂತನ್ನು ಇನ್ನೂ ದೊಡ್ಡದು ಮಾಡಿ, ಗಟ್ಟಿ ಕಣ್ಣು ಸಿಗುವವರೆಗೆ ಹೋಗಿ, ಅಲ್ಲಿಂದ ಹೆಣೆಯುತ್ತಾರೆ. ನಿಮ್ಮ ಆಕಾಶದಲ್ಲಿ ಒಂದು ಸುಳ್ಳು ಚೂರು ಸಿಕ್ಕರೆ ಸುತ್ತಲಿನ ಐದಾರನ್ನೂ ತೆಗೆಯಿರಿ. ಆ ಹೊತ್ತು ಮನಸ್ಸು ನೋಯುತ್ತದೆ, ನಿಜ. ಆದರೆ ಸುಳ್ಳಿನ ಮೇಲೆ ಕೂತ ಚೂರು ಮುಂದಿನ ನೂರು ಪ್ರಯತ್ನವನ್ನು ನುಂಗುತ್ತದೆ.

ನಿಮ್ಮ ಮಗಳ ವಿಷಯ ನನಗೆ ಬಹಳ ಇಷ್ಟವಾಯಿತು. ಒಂದೇ ಬಣ್ಣವನ್ನು ಬಹಳ ಹೊತ್ತು ನೋಡಿದ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ಸಣ್ಣ ವ್ಯತ್ಯಾಸಗಳು ಮಸುಕಾಗುತ್ತವೆ. ಅವಳ ಕಣ್ಣು ಆಗಷ್ಟೇ ಬಂದದ್ದು. ಜೊತೆಗೆ ಅವಳು ನಿಂತು, ಬಗ್ಗಿ, ಬಹುಶಃ ಮೇಜಿನ ಇನ್ನೊಂದು ಬದಿಯಿಂದ ನೋಡುತ್ತಾಳೆ. ಬೆಳಗಿನ ಓರೆ ಬೆಳಕು ಬೇರೆ. ನೀವು ಕೂರುವುದು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಇರಬೇಕು. ಮೇಲಿಂದ ನೇರ ಬೀಳುವ ಬೆಳಕು ಹೊಳಪು ಕಾಗದದ ಮೇಲೆ ಬಿಳಿ ಪೊರೆ ಹಾಸುತ್ತದೆ. ಅವಳಿಗೆ ಸಿಗುವ ಅನುಕೂಲವನ್ನೆಲ್ಲ ನೀವೂ ತೆಗೆದುಕೊಳ್ಳಿ. ಹಗಲಿನಲ್ಲಿ, ಕಿಟಕಿಗೆ ಪಕ್ಕವಾಗಿ, ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಕೂರದೆ, ಎದ್ದು, ಮೇಜನ್ನು ಒಂದು ಸುತ್ತು ಬಂದು. ಚೂರುಗಳನ್ನು ಬಣ್ಣಕ್ಕಾಗಿ ಹೋಲಿಸುವುದಾದರೆ ಅಂಚಿಗೆ ಅಂಚು ಮುಟ್ಟಿಸಿ ಹೋಲಿಸಿ. ಒಂದನ್ನು ನೋಡಿ, ನೆನಪಿಟ್ಟು, ಇನ್ನೊಂದನ್ನು ಹುಡುಕಲು ಯಾವ ಕಣ್ಣಿಗೂ ಆಗುವುದಿಲ್ಲ. ಮಳೆಗಾಲದ ಆಕಾಶವೂ ಪೂರ್ತಿ ಒಂದೇ ಬಣ್ಣವಿರುವುದಿಲ್ಲ, ಸಮುದ್ರದ ಕಡೆಯ ದಿಗಂತಕ್ಕೂ ನೆತ್ತಿಗೂ ಒಂದು ನೂಲಿನ ವ್ಯತ್ಯಾಸವಾದರೂ ಇದ್ದೇ ಇರುತ್ತದೆ. ವಿಂಗಡಿಸುವ ಕೆಲಸದಲ್ಲಿ ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ. ತಲೆ-ಕುಳಿ ಲೆಕ್ಕ ಅವಳಿಗೆ ನಿಮಗಿಂತ ಬೇಗ ಹತ್ತುತ್ತದೆ.

ನೀರಿನ ಭಾಗ ಆಕಾಶಕ್ಕಿಂತ ಸುಲಭ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಗುಡ್ಡದಿಂದ ತೆಗೆದ ಫೋಟೊದಲ್ಲಿ ಹತ್ತಿರದ ಅಲೆಗಳು ಅಗಲ, ದೂರದವು ಸಣ್ಣ ಗೀರು. ಆ ಗೀರುಗಳು ಹೆಚ್ಚಾಗಿ ಅಡ್ಡಕ್ಕೇ ಇರುವುದರಿಂದ ಚೂರು ಯಾವ ಕಡೆ ತಿರುಗಬೇಕೆಂದು ತಾನೇ ಹೇಳುತ್ತದೆ. ಸೇತುವೆಯ ಕಂಬಗಳ ನೆರಳಿನಿಂದ ತೊಡಗಿ.

ಕರಾವಳಿಯವರು ಮರೆಯಬಾರದ ಮಾತು ಒಂದಿದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಜಲ್ಲಿನ ರಟ್ಟು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಆಷಾಢದಲ್ಲಿ ನಿಜವಾದ ಚೂರೂ ಬಿಗಿಯಾಗಿ ‘ನಾನಲ್ಲ’ ಎಂದು ಸುಳ್ಳು ಹೇಳಬಹುದು, ಒತ್ತಿದರೆ ಮೇಲಿನ ಚಿತ್ರದ ಪದರ ಕಿತ್ತು ಬರುತ್ತದೆ. ಆದ್ದರಿಂದ ಒತ್ತಬೇಡಿ. ತಟ್ಟೆಗಳನ್ನು ರಾತ್ರಿ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿಯಲ್ಲಿಡಿ, ಹೊಸ ಚಪ್ಪಲಿ-ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳಿದ್ದರೆ ಒಳಗೆ ಹಾಕಿ. ಹಳೆಯ ಮನೆಗಳಲ್ಲಿ ರೇಷ್ಮೆ ಸೀರೆಯ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸುತ್ತಿದ್ದರಲ್ಲ, ಆ ಬೆಚ್ಚಗಿನ ಕಪಾಟು ಸಿಕ್ಕರೆ ಇನ್ನೂ ಒಳ್ಳೆಯದು. ಬಲ್ಬಿಗೆ ಬಟ್ಟೆ, ರಟ್ಟು ತಾಗದಂತೆ ನೋಡಿಕೊಳ್ಳಿ. ಬಿಸಿಲು ಬಂತೆಂದು ಅಂಗಳದಲ್ಲಿ ಹರಡಬೇಡಿ, ರಟ್ಟು ಸುರುಳಿಯಾಗುತ್ತದೆ.

ಮೇಜಿನ ವಿಷಯದಲ್ಲಿ ನಿಮ್ಮ ಮನೆಯವರು ಹೇಳುವುದು ನ್ಯಾಯವೇ. ಒಂದು ತಿಂಗಳು ನೆಲದ ಮೇಲೆ ಊಟ ಮಾಡಿದ್ದಾರೆ ಎಂದರೆ ಅವರ ತಾಳ್ಮೆಗೂ ಬೆಲೆ ಕೊಡಬೇಕು. ಬಡಗಿಯ ಹತ್ತಿರ 80 ಮತ್ತು 60 ಸೆಂಟಿಮೀಟರಿನ ಪ್ಲೈವುಡ್ ಹಲಗೆ ಕತ್ತರಿಸಿ ತನ್ನಿ. ಹಲಗೆಯನ್ನು ಮೇಜಿನ ಅಂಚಿಗೆ ಸಮವಾಗಿ ಒಬ್ಬರು ಹಿಡಿಯಲಿ; ದಪ್ಪ ಕ್ಯಾಲೆಂಡರ್ ಹಾಳೆಯನ್ನು ಜೋಡಿಸಿದ ಭಾಗದ ಕೆಳಗೆ ತೂರಿಸಿ, ಭಾಗ ಭಾಗವಾಗಿ ಸರಿಸಿ. ಅವರೇ ಹಲಗೆ ಹಿಡಿದರೆ ಚೆನ್ನ. ಆಮೇಲೆ ಅದು ಮಂಚದ ಕೆಳಗೆ ಇರುತ್ತದೆ, ಬೇಕಾದಾಗ ಮೇಲೆ ಬರುತ್ತದೆ. ಮೇಲೊಂದು ಹಳೆಯ ಪಂಚೆ ಹೊದಿಸಿ.

ಅಂಟು ಹಚ್ಚಬಹುದು, ಮಳೆಗಾಲದಲ್ಲಿ ಮಾತ್ರ ಬೇಡ. ತೇವ ಹೀರಿದ ರಟ್ಟಿಗೆ ಅಂಟು ಹಚ್ಚಿ ಗಾಜಿನ ಹಿಂದೆ ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಒಳಗಿನಿಂದ ಬೂಷ್ಟು ಬರುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಲಿ. ಅಲ್ಲಿಯವರೆಗೆ ಮೇಲೆ ಇನ್ನೊಂದು ಹಲಗೆ ಇಟ್ಟು, ಅದರ ಮೇಲೆ ಪುಸ್ತಕಗಳನ್ನು ಹೇರಿ ಸಮತಟ್ಟು ಮಾಡಿಕೊಳ್ಳಿ. ಬಿಳಿ ಫೆವಿಕಾಲನ್ನು ನೀರು ಬೆರೆಸಿ ಚಿತ್ರದ ಮೇಲೆ ಬಳಿಯುವವರಿದ್ದಾರೆ. ಆ ನೀರನ್ನೂ ರಟ್ಟು ಹೀರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಎರಡು ಹಲಗೆಗಳ ನಡುವೆ ಹಿಡಿದು ಪೂರ್ತಿ ಮಗುಚಿ, ಬೆನ್ನಿಗೆ ಅಗಲವಾದ ಅಂಟುಪಟ್ಟಿಗಳನ್ನು ಅಡ್ಡ ಉದ್ದ ಹಚ್ಚಿ. ಚಿತ್ರದ ಮುಖ ಹಾಗೆಯೇ ಉಳಿಯುತ್ತದೆ. ಕಟ್ಟು ಹಾಕುವವನಿಗೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಲು ಹೇಳಿ, ಮತ್ತು ಸಮುದ್ರದ ಕಡೆಯ ಗೋಡೆಗೆ ತೂಗು ಹಾಕಬೇಡಿ. ಮಳೆಗಾಲದಲ್ಲಿ ಆ ಗೋಡೆಯೇ ಮೊದಲು ಬೆವರುತ್ತದೆ.